ಮೊದಲು ಟೇಪು ಕೈಗೆ ತಗೊಳ್ಳಿ

ಪ್ರಶ್ನೆ: ಹನ್ನೆರಡನೇ ತರಗತಿಯಲ್ಲಿದ್ದೇನೆ. ಆರ್ಕಿಟೆಕ್ಟ್ ಆಗಬೇಕೆಂದು ಬಹಳ ದಿನದ ಆಸೆ. ಆದರೆ ಚಿತ್ರ ಬರೆಯಲು ಬರುವುದಿಲ್ಲ. ಮನುಷ್ಯರ ಮುಖ ಬರೆದರೆ ಯಾರೆಂದು ಗುರುತೇ ಸಿಗುವುದಿಲ್ಲ. ಆಸೆ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಈ ಭಯಕ್ಕೇ ಎಷ್ಟೋ ಮಕ್ಕಳು ಅರ್ಜಿಯನ್ನೂ ಹಾಕದೆ ಹಿಂದೆ ಸರಿಯುತ್ತಾರೆ. ಅದು ನನಗೆ ನಿಜಕ್ಕೂ ನೋವಿನ ವಿಷಯ. ಮುಖ ಬರೆಯುವ ಕಲೆ ಬೇರೆ, ನಾವು ಆರ್ಕಿಟೆಕ್ಟರು ಎಳೆಯುವ ಗೆರೆ ಬೇರೆ. ನಮ್ಮ ಡ್ರಾಯಿಂಗ್ ಅಂದರೆ ಅಳತೆ. ಗೋಡೆ ಎಷ್ಟು ದಪ್ಪ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಕಿಟಕಿ ನೆಲದಿಂದ ಎಷ್ಟು ಮೇಲಿದೆ ಎಂದು ಕಟ್ಟುವವರಿಗೆ ತಪ್ಪಿಲ್ಲದೆ ತಿಳಿಸಬೇಕು. ಅಷ್ಟನ್ನು ಕಾಲೇಜಿನಲ್ಲಿ ಕಲಿಸುತ್ತಾರೆ.

ಇವತ್ತೇ ಒಂದು ಕೆಲಸ ಮಾಡಿ. ದಿನಾ ಹತ್ತಿ ಇಳಿಯುವ ಮೆಟ್ಟಿಲನ್ನು ಟೇಪು ಹಿಡಿದು ಅಳೆಯಿರಿ. ಒಂದು ಮೆಟ್ಟಿಲಿನ ಎತ್ತರವನ್ನು ಎರಡರಿಂದ ಗುಣಿಸಿ, ಅದಕ್ಕೆ ಕಾಲಿಡುವ ಜಾಗದ ಅಗಲ ಕೂಡಿಸಿ. 600ರಿಂದ 640 ಮಿಲಿಮೀಟರ್ ಒಳಗೆ ಬಂದರೆ ಹತ್ತುವುದು ಹಿತ. ಎತ್ತರ 150, ಅಗಲ 300 ಇದ್ದರೆ ಸರಿಯಾಗಿ 600. 17ನೇ ಶತಮಾನದಲ್ಲಿ ಫ್ರಾನ್ಸಿನ ಆರ್ಕಿಟೆಕ್ಟ್ ಫ್ರಾನ್ಸ್ವಾ ಬ್ಲೊಂಡೆಲ್ ಎಂಬವರು ಮನುಷ್ಯನ ಹೆಜ್ಜೆಯ ಉದ್ದ ನೋಡಿ ಇಂಥದೊಂದು ಲೆಕ್ಕ ಕೊಟ್ಟರು. ಈಗಲೂ ನಾವು ಅದನ್ನೇ ಬಳಸುತ್ತೇವೆ. ಅಳೆದದ್ದನ್ನು 1:20 ಸ್ಕೇಲಿನಲ್ಲಿ, ಅಂದರೆ 20 ಮಿಲಿಮೀಟರಿಗೆ 1 ಮಿಲಿಮೀಟರಿನಂತೆ, ಕಾಗದಕ್ಕೆ ಇಳಿಸಿ. ಗೆರೆ ಸ್ವಲ್ಪ ಸೊಟ್ಟ ಬಂದರೂ ಪರವಾಗಿಲ್ಲ, ಅಳತೆ ಸರಿ ಇರಲಿ.

ಪ್ರಶ್ನೆ: ಮಗಳು ಆರ್ಕಿಟೆಕ್ಚರ್ ಓದುತ್ತೇನೆ ಎನ್ನುತ್ತಾಳೆ. ಅದಕ್ಕೆ ಐದು ವರ್ಷ ಬೇಕೇ? ಈಗ ಎಲ್ಲಾ ಕಂಪ್ಯೂಟರ್‌ನಲ್ಲೇ ಆಗುತ್ತದಲ್ಲ, ಕೆಲವು ತಿಂಗಳ ಸಾಫ್ಟ್‌ವೇರ್ ಕೋರ್ಸ್ ಸಾಲದೇ?

ಉತ್ತರ: ಸಾಲದು. ಸಾಫ್ಟ್‌ವೇರ್ ಹೊಸ ಪೆನ್ಸಿಲ್ ಅಷ್ಟೆ. ಏನು ಬರೆಯಬೇಕು ಎನ್ನುವುದು ತಲೆಯಲ್ಲಿರಬೇಕು ಅಲ್ವಾ?

ಐದು ವರ್ಷದಲ್ಲಿ ಜಾಸ್ತಿ ಹೊತ್ತು ಹೋಗುವುದು ಡಿಸೈನ್ ಸ್ಟುಡಿಯೋದಲ್ಲಿ. ವಾರಗಟ್ಟಲೆ ಡಿಸೈನ್ ಮಾಡಿ, ಮೌಂಟ್‌ಬೋರ್ಡ್ ಎಂಬ ದಪ್ಪ ರಟ್ಟು ಕತ್ತರಿಸಿ ಮಾಡೆಲ್ ಕಟ್ಟಿ, ಕೊನೆಗೆ ಜ್ಯೂರಿ, ಅಂದರೆ ಕೆಲಸ ನೋಡಿ ಪ್ರಶ್ನೆ ಕೇಳುವ ಪರೀಕ್ಷಕರ ಮುಂದೆ ನಿಲ್ಲಬೇಕು. ‘ಈ ಕಿಟಕಿ ಇಲ್ಲೇ ಯಾಕೆ?’ ಎಂದು ಕೇಳುತ್ತಾರೆ. ಸುಮ್ನೆ ಚೆನ್ನಾಗಿದೆ ಅಂದರೆ ಆಗುವುದಿಲ್ಲ. ಬಿಸಿಲು, ಗಾಳಿ, ಒಳಗೆ ಕೂರುವವರ ಕಣ್ಣಿನ ಎತ್ತರ, ಎಲ್ಲದಕ್ಕೂ ಉತ್ತರ ಬೇಕು. ಸ್ಟ್ರಕ್ಚರ್, ಸಾಮಗ್ರಿ, ನೀರು–ವಿದ್ಯುತ್ ವ್ಯವಸ್ಥೆ, ಇತಿಹಾಸ, ಕಟ್ಟಡದ ಕಾನೂನು ಇದರ ಜೊತೆಗೇ ಬರುತ್ತವೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಆರ್ಕಿಟೆಕ್ಟ್ ವಿಟ್ರೂವಿಯಸ್ ಈ ಪಟ್ಟಿಗೆ ಸಂಗೀತ, ವೈದ್ಯಕೀಯವನ್ನೂ ಸೇರಿಸಿದ್ದ.

ಡಿಗ್ರಿ ಸಿಕ್ಕ ಕೂಡಲೇ ಎಲ್ಲಾ ಮುಗಿಯುವುದೂ ಇಲ್ಲ. ಕನಿಷ್ಠ ಐದು ವರ್ಷದ ಓದು, ಮೇಲೆ ಎರಡು ವರ್ಷದ ಕೆಲಸದ ಅನುಭವ ಬೇಕೆಂದು ಯುನೆಸ್ಕೋ ಮತ್ತು ಆರ್ಕಿಟೆಕ್ಟರ ಅಂತರರಾಷ್ಟ್ರೀಯ ಒಕ್ಕೂಟದ ಸನ್ನದು ಹೇಳುತ್ತದೆ. ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 3,740 ಗಂಟೆಗಳ ಅನುಭವ ದಾಖಲಿಸಬೇಕು, ಆರು ಭಾಗದ ಪರೀಕ್ಷೆ ಪಾಸಾಗಬೇಕು. ಭಾರತದಲ್ಲಿ 1972ರ ಕಾಯ್ದೆಯಂತೆ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂದು ಹೆಸರು ಹಾಕಿಕೊಳ್ಳುವಂತಿಲ್ಲ.

ಆ ಅನುಭವ ಯಾಕೆ ಬೇಕೆಂದು ನನಗೆ ಮೊದಲ ಕೆಲಸದಲ್ಲೇ ಗೊತ್ತಾಯಿತು. ಒಂದು ಮೆಟ್ಟಿಲಿನ ಪ್ಲಾನ್ ಮಾಡಿದ್ದೆ. ಲೆಕ್ಕ ಎಲ್ಲಾ ಸರಿ ಇತ್ತು. ಆದರೆ ತೊಲೆ ಹಾದುಹೋಗುವ ಕಡೆ ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಡ್ರಾಯಿಂಗ್, ಬರೆದಿರಲಿಲ್ಲ. ಸೈಟಿನಲ್ಲಿ ಮೇಸ್ತ್ರಿ ಗೋಡೆ ಮೇಲೆ ಮೆಟ್ಟಿಲುಗಳ ಗುರುತು ಹಾಕಿದರು. ಒಂಬತ್ತನೆಯದರ ಮಟ್ಟಕ್ಕೆ ಹಲಗೆ ಇಟ್ಟು, ಹತ್ತಿ ನಿಂತರು. ತಲೆ ಬಗ್ಗಿಸಬೇಕಾಯಿತು. ಮೆಟ್ಟಿಲು ನೆಲದಿಂದ 1,350, ತೊಲೆಯ ಅಡಿಭಾಗ 3,000. ನಡುವೆ ಉಳಿದದ್ದು ಬರೀ 1,650 ಮಿಲಿಮೀಟರ್. ಎರಡು ಮೀಟರಿಗಿಂತ ಜಾಸ್ತಿ ಇರಬೇಕಿತ್ತು. ಅವರು ಬೈಯಲಿಲ್ಲ. ಕೆಳಗಿಳಿದು, ‘ನೀವೊಮ್ಮೆ ಹತ್ತಿ ನೋಡಿ’ ಅಂದರು. ತೊಲೆಗೆ ಇನ್ನೂ ಕಾಂಕ್ರೀಟ್ ಬಿದ್ದಿರಲಿಲ್ಲ, ಹಾಗಾಗಿ ಇಂಜಿನಿಯರ್ ಜೊತೆ ಕೂತು ಅದರ ಜಾಗ ಬದಲಿಸಿದೆವು. ಅಂದಿನಿಂದ ಸೆಕ್ಷನ್ ಇಲ್ಲದೆ ಒಂದು ಮೆಟ್ಟಿಲಿನ ಡ್ರಾಯಿಂಗನ್ನೂ ಸೈಟಿಗೆ ಕಳಿಸಿಲ್ಲ.

ಪ್ರಶ್ನೆ: ಎಂಟು ವರ್ಷದಿಂದ ಡ್ರಾಫ್ಟ್ಸ್‌ಮನ್, ಕಟ್ಟಡಗಳ ಡ್ರಾಯಿಂಗ್ ಬರೆದುಕೊಡುವ ಕೆಲಸ. ಡಿಗ್ರಿ ಇಲ್ಲ. ಜಪಾನಿನ ತಡಾವೊ ಆಂಡೊ ಕಾಲೇಜಿಗೆ ಹೋಗದೆ ಆರ್ಕಿಟೆಕ್ಟ್ ಆದರಂತೆ. ನನಗೂ ಆಗುತ್ತದೆಯೇ?

ಉತ್ತರ: ಆಂಡೊ ವಿಷಯ ನಿಜ. ಬಾಕ್ಸಿಂಗ್ ಮಾಡುತ್ತಿದ್ದವರು, ಸ್ವಂತ ಓದಿ, ಊರೂರು ತಿರುಗಿ ಕಟ್ಟಡ ನೋಡಿ ಕಲಿತರು. 1995ರಲ್ಲಿ ಆರ್ಕಿಟೆಕ್ಟರಿಗೆ ಕೊಡುವ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಆದರೆ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಜಾಸ್ತಿ ವರ್ಷದ ಅನುಭವ ತೋರಿಸಿ ಪರೀಕ್ಷೆ ಬರೆಯುವ ದಾರಿ ಇದೆ. ಭಾರತದಲ್ಲಿ ನೋಂದಣಿಗೆ ಮಾನ್ಯತೆ ಇರುವ ವಿದ್ಯಾರ್ಹತೆ ಬೇಕೇ ಬೇಕು. ಓದಲು ಆಗುವಂತಿದ್ದರೆ ಈಗಲೂ ಸೇರಿ. ಎಂಟು ವರ್ಷ ಡ್ರಾಯಿಂಗ್ ಮಾಡಿದ ಕೈಗೆ ಸ್ಟುಡಿಯೋ ಕೆಲಸ ಬೇಗ ಒಗ್ಗುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆಯಾದರೂ, ನೀವೇ ಬರೆದ ಡ್ರಾಯಿಂಗ್ ಹಿಡಿದು ಸೈಟಿಗೆ ಹೋಗಿ. ಎಲ್ಲಿ ಬದಲಾಯಿಸಿದರು, ಯಾಕೆ ಬದಲಾಯಿಸಿದರು ಎಂದು ಕೇಳಿ, ಅದೇ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.