ಮುತ್ಯಾನ ಮೊಣಕಾಲು, ಮೊಮ್ಮಗಳ ಮೊಣಕಾಲು

ಚಿತ್ತಾಪುರ ತಾಲೂಕಿನ ಹಿರಿಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾವು ‘ಕೀಲುನೋವು ವಯಸ್ಸಾದವರ ಕಾಯಿಲೆ’ ಎಂದಿದ್ದೆವು. ಅವರ ಆರು ವರ್ಷದ ಮೊಮ್ಮಗಳಿಗೆ ಎರಡು ತಿಂಗಳಿಂದ ಬಲ ಮೊಣಕಾಲು ಬಾತಿದೆ. ಬಿದ್ದಿಲ್ಲ, ಪೆಟ್ಟಾಗಿಲ್ಲ. ಕೀಲುವಾತದ ಗುರುತು ಅಂತ ರಕ್ತದಲ್ಲಿ ಹುಡುಕುವ ಆರ್‌ಎ ಫ್ಯಾಕ್ಟರ್ ಇಲ್ಲ ಅಂತ ಬಂದಿದೆ. ‘ಮುಂಜಾನೆ ಕುಂಟತಾಳ, ಮಧ್ಯಾಹ್ನ ಓಡತಾಳ. ಸಾಲಿ ತಪ್ಪಿಸ್ಲಿಕ್ಕ ನಾಟಕ ಅಂತ ಮನ್ಯಾಗ ನಗತಾರ. ನನ್ನ ಮೊಣಕಾಲಿಗಿ ಬಂದದ್ದು ಖರೆ, ಈ ಕೂಸಿಗಿ ಹ್ಯಾಂಗ ಬರ್ತದ?’ ಅಂತ ಕೇಳಿದ್ದಾರೆ. ಶಾಲೆಗೆ ಕಳಿಸಬೇಕೋ ಬಿಡಿಸಬೇಕೋ ಅನ್ನುವುದು ಇನ್ನೊಂದು ಪ್ರಶ್ನೆ.

ಹಿರಿಯರೇ, ಆ ಸಾಲು ಬರೆದವನು ನಾನೇ. ತಪ್ಪು ನಂದು.

ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಮಾತು: ಮುಂಜಾನೆ ಕುಂಟು, ಮಧ್ಯಾಹ್ನ ಓಟ. ಶಾಲೆ ತಪ್ಪಿಸುವ ಮಗು ಭಾನುವಾರ ಕುಂಟುವುದಿಲ್ಲ, ಅಲ್ವಾ? ನಿಮ್ಮ ಮೊಮ್ಮಗಳನ್ನು ಭಾನುವಾರ ಎದ್ದ ಕೂಡಲೇ ಸುಮ್ನೆ ಗಮನಿಸಿ. ಮೆಟ್ಟಿಲನ್ನು ಒಂದೇ ಕಾಲು ಮುಂದಿಟ್ಟು ಇಳಿಯುತ್ತಾಳಾ? ಕಕ್ಕಸಿಗೆ ಕುಕ್ಕರಗಾಲಲ್ಲಿ ಕೂರಲು ಗೋಡೆ ಹಿಡಿಯುತ್ತಾಳಾ? ಎತ್ತಿಕೋ ಅಂತ ಕೈ ಚಾಚುತ್ತಾಳಾ? ಸಣ್ಣ ಮಕ್ಕಳು ‘ನೋವು’ ಅಂತ ಹೇಳುವುದು ಕಡಿಮೆ. ಹೀಗೆ ತೋರಿಸುತ್ತಾರೆ. ‘ಬೆಳೆಯುವ ನೋವು’ ಅನ್ನುತ್ತಾರಲ್ಲ, ಅದು ಇದಕ್ಕೆ ತಿರುಗುಮುರುಗು. ರಾತ್ರಿ ಎರಡೂ ಕಾಲು ನೋಯುತ್ತವೆ, ಬೆಳಗಾದರೆ ಮಗು ಜಿಗಿಯುತ್ತಿರುತ್ತದೆ, ಬಾವು ಇರುವುದೇ ಇಲ್ಲ.

16 ವರ್ಷ ತುಂಬುವ ಮೊದಲು ಶುರುವಾಗಿ, ಬೇರೆ ಕಾರಣ ಸಿಗದೆ, 6 ವಾರಕ್ಕಿಂತ ಜಾಸ್ತಿ ಉಳಿದ ಕೀಲುಬಾವಿಗೆ ಡಾಕ್ಟರು ಜೆಐಎ ಅನ್ನುತ್ತಾರೆ, ಅಂದರೆ ಮಕ್ಕಳ ಕೀಲುವಾತ. ನಿಮ್ಮದು ಸವೆತ ಇರಬಹುದು. ಇದು ಬೇರೆ. ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲಿನ ಒಳಪದರದ ಮೇಲೆ ತಿರುಗಿಬೀಳುತ್ತದೆ. ನಿಮ್ಮಿಂದ ಅವಳಿಗೆ ಬಂತು ಅಂತ ಕೊರಗಬೇಡಿ. ಇನ್ನು ಆರ್‌ಎ ಫ್ಯಾಕ್ಟರ್, ಈ ಕಾಯಿಲೆ ಇರುವ ಬಹಳಷ್ಟು ಮಕ್ಕಳಲ್ಲಿ ಅದು ಇರುವುದೇ ಇಲ್ಲ. ರಿಪೋರ್ಟ್ ನೋಡಿ ನಿರಾಳ ಆಗುವ ಹಾಗಿಲ್ಲ.

ಜೆಐಎ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಕೀಲಿನ ಟಿಬಿ, ರಕ್ತದ ಕ್ಯಾನ್ಸರ್ ಕೂಡ ಹೀಗೇ ವೇಷ ಹಾಕಿ ಬರುತ್ತವೆ. ಅವು ಅಲ್ಲ ಅಂತ ಮೊದಲು ಖಾತ್ರಿ ಆಗಬೇಕು. ರಕ್ತದಲ್ಲಿ ಎಎಸ್‌ಒ, ಅಂದರೆ ಗಂಟಲು ಸೋಂಕು ಆಗಿಹೋದ ಗುರುತು, ಜಾಸ್ತಿ ಬಂತು ಅಂತ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಶುರು ಮಾಡುವುದೂ ಉಂಟು. ಅದು ಆ ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರಕ್ಕೆ ಇರುವ ಮದ್ದು. ಆ ಜ್ವರದ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತದೆ, ಎರಡು ತಿಂಗಳು ಒಂದೇ ಮೊಣಕಾಲಲ್ಲಿ ಕೂರುವುದಿಲ್ಲ. ನೀವು ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗಕ್ಕೆ ತೋರಿಸಿ. ಮಕ್ಕಳ ಕೀಲುರೋಗ ತಜ್ಞರು ಬೇಕಾದರೆ ಹೈದರಾಬಾದ್ ಅಥವಾ ಬೆಂಗಳೂರಿಗೆ ಅವರೇ ಕಳಿಸುತ್ತಾರೆ. ನಡುವೆ ಎಂದಾದರೂ ಜ್ವರ ಬಂದು, ಕೀಲು ಕೆಂಪಾಗಿ ಸುಡುತ್ತಾ, ಕಾಲು ಊರಲು ಆಗದಿದ್ದರೆ ಮಾತ್ರ ಮರುದಿನಕ್ಕೆ ಕಾಯಬೇಡಿ.

ಈಗ ನೀವು ಕೇಳದೇ ಇದ್ದ ಮಾತು. ಅವಳ ಕಣ್ಣು ತೋರಿಸಿ. ಒಂದೆರಡು ಕೀಲಷ್ಟೇ ಬಾತ ಸಣ್ಣ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕಣ್ಣಿನ ಒಳಗೂ ಉರಿಯೂತ ಬರಬಹುದು. ಬಹಳ ಸಲ ಕಣ್ಣು ಕೆಂಪಾಗಲ್ಲ, ನೋಯಲ್ಲ, ನೀರೂ ಸುರಿಯಲ್ಲ. ಗೊತ್ತಾಗುವ ಹೊತ್ತಿಗೆ ದೃಷ್ಟಿಗೆ ಏಟು ಬಿದ್ದಿರುತ್ತದೆ. ಬೋರ್ಡಿನ ಅಕ್ಷರ ಓದಿದಳು ಅಂತ ಬಿಡಬೇಡಿ. ಗದ್ದ ಊರಿಸಿ ನೋಡುವ ಸ್ಲಿಟ್ ಲ್ಯಾಂಪ್‌ನಲ್ಲೇ ಅದು ಕಾಣುವುದು. ರಕ್ತದಲ್ಲಿ ಎಎನ್‌ಎ ಅನ್ನುವ, ಮೈಯ ಮೇಲೇ ತಿರುಗಿಬೀಳುವ ಪ್ರತಿಕಾಯ ಇದ್ದರೆ 3 ತಿಂಗಳಿಗೊಮ್ಮೆ ತೋರಿಸಲು ಹೇಳುತ್ತಾರೆ. ಮೊಣಕಾಲು ವಾಸಿಯಾದ ಮೇಲೂ ಇದು ತಪ್ಪಬಾರದು.

ಔಷಧಿ ಇದೆ, ಚೆನ್ನಾಗಿಯೇ ಇದೆ. ಒಂದೇ ಕೀಲಾದರೆ ಅದರೊಳಗೇ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಹೆಸರು ಕೇಳಿ ಗಾಬರಿ ಬೇಡ. ಬಾವು ತಗ್ಗಿಸುವ ಮೆಥೊಟ್ರೆಕ್ಸೇಟ್ ಅನ್ನುವ ಔಷಧಿ ಬರೆದುಕೊಟ್ಟರೆ ಒಂದು ಎಚ್ಚರ: ಅದು ವಾರಕ್ಕೆ ಒಂದೇ ದಿನ. ಮರೆತು ದಿನಾ ಕೊಟ್ಟರೆ ಪ್ರಾಣಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಆ ಒಂದು ದಿನಕ್ಕೆ ಗುರುತು ಹಾಕಿ. ಗುಣ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ, ನಡುವೆ ರಕ್ತ ಪರೀಕ್ಷೆಗೂ ಕರೆಯುತ್ತಾರೆ. ನಿಮ್ಮ ನೋವಿನ ಮಾತ್ರೆ ಅರ್ಧ ಮುರಿದು ಅವಳಿಗೆ ಕೊಡಬೇಡಿ. ಮಲಗುವಾಗ ಮೊಣಕಾಲಿನ ಕೆಳಗೆ ದಿಂಬೂ ಬೇಡ. ಆ ಹೊತ್ತಿಗೆ ಹಿತ ಅನಿಸುತ್ತದೆ, ಆದರೆ ಕಾಲು ಮಡಚಿದಂತೆಯೇ ನಿಂತುಬಿಡುತ್ತದೆ.

ವಾಯು ಅಂತ ಮನೆಯಲ್ಲಿ ಬೇಳೆ, ಬದನೆಕಾಯಿ ನಿಲ್ಲಿಸಿದ್ದೀರಂತೆ. ತೊಗರಿಯ ನಾಡಿನಲ್ಲಿ ಕೂತು ಕೂಸಿಗೆ ತೊಗರಿ ಬೇಳೆ ಬಂದ್ ಮಾಡುವುದಾ? ರೊಟ್ಟಿ, ಬೇಳೆ, ಬದನೆಕಾಯಿ ಎಲ್ಲ ತಿನ್ನಲಿ.

ಶಾಲೆ ಬಿಡಿಸಬೇಡಿ. ಎದ್ದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿದರೆ ಬಿಗಿತ ಸಡಿಲುತ್ತದೆ. ಆಟ, ಸೈಕಲ್ ಬೇಡ ಅನ್ನಬೇಡಿ. ಫಿಸಿಯೋಥೆರಪಿಯವರು ಹೇಳಿದ್ದು ದಿನಾ ಮಾಡಿಸಿ. ಅವಳ ಟೀಚರಿಗೆ ಈ ಪುಟ ತೋರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಬೇಡಿ, ಬೆಂಚ್ ಕೊಡಿ ಅಂತ ಕೇಳಿ. ಕಾಲು ಗಂಟೆ ತಡವಾಗಿ ಬಂದರೆ ಒಳಗೆ ಬಿಡಲಿ.