ಬೀಟೆಯೋ, ಶೀಶಮ್ಮೋ?

ಪ್ರಶ್ನೆ: ಮುಂಬಯಿಯ ಚೋರ್ ಬಜಾರಿನಲ್ಲಿ ಬೀಟೆಯದೆಂದು ಕೊಂಡ ಮೇಜನ್ನು ಡೊಂಬಿವಲಿಯ ಮನೆಗೆ ತಂದೆವು. ಪಾಲಿಶ್‌ಗೆ ಬಂದ ಬಡಗಿ ಇದು ಶೀಶಮ್ ಎನ್ನುತ್ತಾನೆ. ಮೋಸಹೋದೆವೇ?

ಉತ್ತರ: ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಮರವನ್ನು ನೋಡುವ ಮೊದಲೇ ಎಲ್ಲರೂ ಹೆಸರಿಗಾಗಿ ಜಗಳವಾಡಿರುತ್ತಾರೆ ಎಂಬುದೇ ನನ್ನ ಬೇಸರ. ನಾವು ಬೀಟೆ ಎನ್ನುವ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾವನ್ನು ಮರಾಠಿಗರು ಶಿಸವ ಎನ್ನುತ್ತಾರೆ, ಅದನ್ನೇ ಶೀಶಮ್ ಎನ್ನುವವರೂ ಉಂಟು. ಉತ್ತರ ಭಾರತದ ಬಡಗಿಗಳಿಗೆ ಶೀಶಮ್ ಎಂದರೆ ಸಾಮಾನ್ಯವಾಗಿ ಅದರ ದಾಯಾದಿಯಾದ ಡಾಲ್ಬರ್ಜಿಯಾ ಸಿಸೂ. ಆದ್ದರಿಂದ ಮೊದಲು ನಿಮ್ಮ ಬಡಗಿ ಯಾವ ಶೀಶಮ್ ಬಗ್ಗೆ ಹೇಳುತ್ತಿದ್ದಾನೆಂದು ಕೇಳಿ.

ಮೇಲ್ಮೈಯನ್ನು ನಂಬಬೇಡಿ. ಬಿಸಿಲು ತಾಗಿದ ಬೀಟೆ ವರ್ಷಗಳಲ್ಲಿ ತಿಳಿಯಾಗುತ್ತದೆ, ಬಣ್ಣ ಬಳಿದ ಮಾವಿನ ಮರ ಬೀಟೆಯಂತೆಯೇ ಕಪ್ಪಾಗಿ ಕಾಣುತ್ತದೆ. ಹಳೆಯ ಮೇಜುಗಳ ಡ್ರಾವರ್ ಒಳಭಾಗಕ್ಕೆ ಬೇರೆ ಮರ ಹಾಕಿರುವುದುಂಟು, ಹಾಗಾಗಿ ಅದನ್ನು ಬಿಟ್ಟು, ಮೇಜಿನ ಹಲಗೆಯ ಅಡಿಯಲ್ಲಿ ಅಥವಾ ಕಾಲಿನ ತಳದಲ್ಲಿ ಚೂಪಾದ ಉಳಿಯಿಂದ ಉಗುರಗಲ ಕೆರೆಯಿರಿ. ನೇರಳೆ ಛಾಯೆಯ ಕಂದು ಮೈಯಲ್ಲಿ ಕಪ್ಪು ಗೆರೆಗಳು ಕಂಡು, ನವಿರಾದ ಸಿಹಿ ಪರಿಮಳ ಬಂದರೆ ಬೀಟೆಯ ಸಾಧ್ಯತೆಯೇ ಹೆಚ್ಚು. ನೇರಳೆಯಿಲ್ಲದ ಹೊಂಗಂದು ಬಣ್ಣ ಸಿಸೂವಿನದಾಗಿರಬಹುದು. ಬಣ್ಣವೊಂದರಿಂದಲೇ ಪ್ರಮಾಣ ಮಾಡಿ ಹೇಳುವವರನ್ನು ನಾನು ನಂಬುವುದಿಲ್ಲ. ಬೆಲೆ ದೊಡ್ಡದಾಗಿದ್ದರೆ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಸಣ್ಣ ಚೂರನ್ನು ಪರೀಕ್ಷೆಗೆ ಕೊಡಿ. ಸಿಸೂ ಎಂದು ತಿಳಿದರೂ ಮೇಜನ್ನು ಕೀಳಾಗಿ ಕಾಣಬೇಡಿ, ಅದೂ ಗಟ್ಟಿ ಮರವೇ.

ಪಾಲಿಶ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಯಂತ್ರದಿಂದ ಉಜ್ಜಲು ಬಿಡಬೇಡಿ. ಮೇಲೆ ತೆಳು ಬೀಟೆಯ ಹಾಳೆ ಅಂಟಿಸಿದ್ದರೆ ಅದು ಒಂದೇ ಸಲದ ಉಜ್ಜುವಿಕೆಗೆ ಹೋಗಿಬಿಡುತ್ತದೆ. ಬೀಟೆಯೊಳಗಿನ ಎಣ್ಣೆಯಂಥ ಅಂಶ ಎಣ್ಣೆ ವಾರ್ನಿಶ್ಶನ್ನು ಒಣಗಲು ಬಿಡುವುದಿಲ್ಲವಾದ್ದರಿಂದ ಮೊದಲು ಅರಗಿನ ತೆಳು ಪಾಲಿಶ್ ಹಚ್ಚಿಸಿ, ಅದನ್ನೂ ಮುಂಬಯಿಯ ಮಳೆಗಾಲ ಕಳೆದ ಮೇಲೆ ಮಾಡಿಸಿ, ಏಕೆಂದರೆ ತೇವಕ್ಕೆ ಅರಗು ಬೆಳ್ಳಗೆ ಮಂಜುಗಟ್ಟುತ್ತದೆ. ಉಜ್ಜುವಾಗ ಮೂಗು, ಬಾಯಿ ಮುಚ್ಚಿಕೊಳ್ಳಿ. ಈ ದೂಳಿಗೆ ಚರ್ಮ ಕೆರಳುವವರಿದ್ದಾರೆ.

ಪ್ರಶ್ನೆ: ನಿಜವಾದ ಬೀಟೆ ನೀರಿನಲ್ಲಿ ಮುಳುಗುತ್ತದೆಯಂತೆ?

ಉತ್ತರ: ಸುಳ್ಳು. ಒಣಗಿದ ಬೀಟೆ ಘನಮೀಟರಿಗೆ ಸುಮಾರು 830 ಕಿಲೋ, ನೀರು 1000 ಕಿಲೋ; ತೇಲುತ್ತದೆ.

ಪ್ರಶ್ನೆ: ಬೀಟೆಗೆ ಹುಳ ಹಿಡಿಯುವುದೇ ಇಲ್ಲವೇ?

ಉತ್ತರ: ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಅಪರೂಪ, ಹೊರಸುತ್ತಿನ ಬಿಳಿ ಮರಕ್ಕೆ ಧಾರಾಳವಾಗಿ ಹಿಡಿಯುತ್ತದೆ.

ಪ್ರಶ್ನೆ: ಅಜ್ಜಿಯ ಬೀಟೆ ಪೆಟ್ಟಿಗೆಯನ್ನು ಮಗನಿಗೆ ವಿದೇಶಕ್ಕೆ ಕಳುಹಿಸಬಹುದೇ?

ಉತ್ತರ: 2017ರ ಜನವರಿ 2ರಿಂದ ಬೀಟೆ, ಸಿಸೂ ಸೇರಿ ಡಾಲ್ಬರ್ಜಿಯಾ ಕುಲದ ಬಹುತೇಕ ಎಲ್ಲ ಮರಗಳೂ ಸೈಟಿಸ್, ಅಂದರೆ ಅಳಿವಿನ ಭೀತಿಯ ಸಸ್ಯ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಅನುಮತಿ ಬೇಕೇ ಎಂದು ಎರಡೂ ದೇಶಗಳ ಅಧಿಕಾರಿಗಳಿಂದ ಲಿಖಿತವಾಗಿ ತಿಳಿದುಕೊಳ್ಳದೆ ಪಾರ್ಸಲ್ ಕಟ್ಟಿಸಬೇಡಿ.