ಹರಳು–ಪ್ರಶ್ನೆ: ಟೀವಿಯ ಓಪಲ್ ಬೇಟೆಗಾರರು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾರ್ಯಕ್ರಮದ ಸುತ್ತ ಸುತ್ತುತ್ತಿವೆ. ಡಿಸ್ಕವರಿಯಲ್ಲಿ 2018ರಲ್ಲಿ ಶುರುವಾದ ‘ಔಟ್‌ಬ್ಯಾಕ್ ಓಪಲ್ ಹಂಟರ್ಸ್’. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಓಪಲ್ ಹರಳಿಗಾಗಿ ನೆಲ ಅಗೆಯುವವರ ಹಿಂದೆ ಕ್ಯಾಮೆರಾ ಹೋಗುವ ರಿಯಾಲಿಟಿ ಸರಣಿ ಅದು. ನಾನೂ ನೋಡುತ್ತೇನೆ. ಪಕ್ಕದಲ್ಲಿ ಕುಳಿತವರಿಗೆ ನನ್ನ ಗೊಣಗಾಟದಿಂದ ಏನೂ ಕೇಳಿಸುವುದಿಲ್ಲ ಎಂಬ ದೂರು ಮನೆಯಲ್ಲಿದೆ.

ಪ್ರಶ್ನೆ: ಊಟವಾದ ಮೇಲೆ ನಮ್ಮ ಯಜಮಾನರು ಮತ್ತು ಮಗ ಇದನ್ನು ಹಾಕುತ್ತಾರೆ. ಕಲ್ಲು ಸಿಕ್ಕ ಕೂಡಲೇ ಇಷ್ಟು ಸಾವಿರ ಡಾಲರ್ ಎಂದು ತೆರೆಯ ಮೇಲೆ ಬರುತ್ತದೆ. ಯಜಮಾನರು ಅದನ್ನು ರೂಪಾಯಿಗೆ ಗುಣಿಸಿ ನಿಟ್ಟುಸಿರು ಬಿಡುತ್ತಾರೆ. ಆ ಬೆಲೆ ನಿಜವೇ ಮೇಡಂ?
— ಗೃಹಿಣಿ, ಹಾಸನ

ಉತ್ತರ: ಯಜಮಾನರಿಗೆ ಹೇಳಿ ತಾಯಿ, ಗುಣಾಕಾರ ಮುಗಿಸಿ ಅಲ್ಲಿಗೇ ನಿಲ್ಲಿಸಬಾರದು, ಕಳೆಯುವ ಲೆಕ್ಕವೂ ಬಾಕಿ ಇದೆ. ತೆರೆಯ ಮೇಲೆ ಬರುವುದು ಕಚ್ಚಾ ಕಲ್ಲಿನ ಅಂದಾಜು, ಕೈಗೆ ಬಂದ ಹಣವಲ್ಲ.

ನಾನು ಪೇಟೆಯಲ್ಲಿ ಹರಳು ಪರೀಕ್ಷೆಗೆ ಕುಳಿತಿದ್ದವಳು. ನಮ್ಮ ತಂದೆ ಮೈಸೂರಿನಲ್ಲಿ ಒಡವೆಗಳಿಗೆ ಹರಳು ಕೂರಿಸುತ್ತಿದ್ದರು. ಆ ಮನೆಯಲ್ಲಿ ಬೆಳೆದವರಿಗೆ ಸಾಣೆ ಹಿಡಿಯದ ಕಲ್ಲಿನ ಮೇಲೆ ಪ್ರೀತಿ ಹುಟ್ಟುತ್ತದೆ, ನಂಬಿಕೆ ಹುಟ್ಟುವುದಿಲ್ಲ. ಓಪಲ್‌ನ ವಿಷಯದಲ್ಲಂತೂ ಈ ಅಪನಂಬಿಕೆ ತೀರ ಅಗತ್ಯ. ತಿರುಗಿಸಿದಂತೆ ಆಡುವ ಅದರ ಬಣ್ಣ ಕಲ್ಲಿನ ತುಂಬ ಇರಬೇಕೆಂದಿಲ್ಲ. ಎಷ್ಟೋ ಸಲ ಒಂದು ತೆಳುವಾದ ಪಟ್ಟಿಯಷ್ಟೇ ಇರುತ್ತದೆ, ಮಿಕ್ಕಿದ್ದು ಬಣ್ಣವೇ ಆಡದ ಸಾದಾ ಓಪಲ್. ಅಲ್ಲಿಯವರು ಅದನ್ನು ‘ಪಾಚ್’ ಎನ್ನುತ್ತಾರೆ. ತೂಕಕ್ಕೆ ಪಾಚ್ ಎಷ್ಟಿದ್ದರೂ ಕೊಳ್ಳುವವರು ತಿರುಗಿ ನೋಡುವುದಿಲ್ಲ. ಸಾಣೆಗೆ ಕೊಟ್ಟಾಗ ಬಣ್ಣದ ಪಟ್ಟಿಯ ನಡುವೆ ಮರಳಿನ ಕಣ ಕಾಣಿಸಿಕೊಂಡರೆ ಅಲ್ಲಿಗೆ ಅರ್ಧ ಕಲ್ಲು ಹೋಯಿತು. ಒಳಗೊಂದು ಬಿರುಕು ಓಡಿದ್ದರೆ ಒಂದು ದೊಡ್ಡ ಹರಳಿನ ಬದಲು ಮೂರು ಸಣ್ಣವು ಬರುತ್ತವೆ, ಮೂರೂ ಸೇರಿ ಆ ಒಂದರ ಬೆಲೆ ಮುಟ್ಟುವುದಿಲ್ಲ.

ಇನ್ನೊಂದನ್ನು ಗಮನಿಸಿ. ಕಲ್ಲು ಸಿಕ್ಕಿದೊಡನೆ ಗಣಿಯವನು ಅದರ ಮೇಲೆ ನೀರು ಹಾಕುತ್ತಾನೆ, ಇಲ್ಲವೇ ನೆಕ್ಕುತ್ತಾನೆ. ಧೂಳು ಹೋಗಲಿ ಎಂಬುದು ನಿಜ. ಆದರೆ ಒದ್ದೆಯಾದ ಒರಟು ಮೈ ಮೆರುಗು ಕೊಟ್ಟಂತೆ ಹೊಳೆಯುತ್ತದೆ, ಕ್ಯಾಮೆರಾ ಹತ್ತಿರ ಬರುವುದೂ ಆಗಲೇ.

ಇಡೀ ಕಾರ್ಯಕ್ರಮದಲ್ಲಿ ನನಗೆ ಇಷ್ಟವಾಗುವ ಭಾಗವೆಂದರೆ ಕೊನೆಯಲ್ಲಿ ವ್ಯಾಪಾರಿಯ ಮುಂದೆ ಕೂರುವುದು. ಅವನು ಮಾತಾಡುವುದಿಲ್ಲ. ದೀಪದ ಕೆಳಗೆ ಕಲ್ಲನ್ನು ತಿರುಗಿಸುತ್ತಾನೆ, ಒಂದನ್ನು ಇತ್ತ, ಒಂದನ್ನು ಅತ್ತ ಸರಿಸುತ್ತಾನೆ. ಅವನು ನೋಡುವುದು ಮೊದಲು ಮೈಬಣ್ಣ, ಅಂದರೆ ಆಡುವ ಬಣ್ಣಗಳ ಹಿಂದಿರುವ ತಳದ ಬಣ್ಣ. ಇದಕ್ಕೆ ಎನ್1ರಿಂದ ಎನ್9ರವರೆಗೆ ಮಾಪಕವಿದೆ. ಎನ್4ರವರೆಗೆ ಕಪ್ಪು ಓಪಲ್, ಕೊನೆಗೆ ಬರುವುದು ಬಿಳಿ. ಮೈ ಕಪ್ಪಾದಷ್ಟೂ ಬಣ್ಣ ಎದ್ದು ಕಾಣುತ್ತದೆ. ಆಮೇಲೆ ಹೊಳಪು, ವಿನ್ಯಾಸ, ಯಾವ ಬಣ್ಣ ಎಂಬುದು. ಕಪ್ಪಿನ ಮೇಲೆ ಕೆಂಪು ಆಡಿದರೆ ವ್ಯಾಪಾರಿಯ ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ. ಆಗ ಅವನು ಹೇಳುವ ಸಂಖ್ಯೆಯನ್ನು ಯಜಮಾನರು ಬರೆದುಕೊಳ್ಳಲಿ. ಅದರಲ್ಲಿ ಡೀಸೆಲ್, ಸಿಡಿಮದ್ದು, ಯಂತ್ರದ ರಿಪೇರಿ, ಪಾಲುದಾರರ ಪಾಲು ಎಲ್ಲವನ್ನೂ ಕಳೆಯಲಿ. ನಿಟ್ಟುಸಿರು ಬಂದರೆ ಆಗ ಬಿಡಬಹುದು. ಅದು ಆ ಗಣಿಯವನಿಗಾಗಿ ಬಿಟ್ಟದ್ದಾಗುತ್ತದೆ.

ಪ್ರಶ್ನೆ: ಜಗಳ, ಯಂತ್ರ ಕೆಡುವುದು, ಕೊನೆಯ ಗಳಿಗೆಯಲ್ಲಿ ಕಲ್ಲು ಸಿಗುವುದು, ಎಲ್ಲವೂ ನಟನೆಯೇ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಯಂತ್ರ ಕೆಡುವುದು ಖಂಡಿತ ನಟನೆಯಲ್ಲ. ಕೊನೆಯ ಗಳಿಗೆ ಮಾತ್ರ ಸಂಕಲನಕಾರರ ಕೈಚಳಕ. ತಿಂಗಳುಗಟ್ಟಲೆ ಮಣ್ಣು ತೋಡಿದ್ದನ್ನು ಒಂದು ಗಂಟೆಗೆ ಇಳಿಸಿದರೆ ಎಲ್ಲ ಗಳಿಗೆಯೂ ಕೊನೆಯ ಗಳಿಗೆಯೇ.

ಪ್ರಶ್ನೆ: ಅಷ್ಟು ಬೆಲೆಬಾಳುವ ಹರಳಾದರೆ ದೊಡ್ಡ ಗಣಿ ಕಂಪನಿಗಳು ಏಕೆ ನುಗ್ಗಿಲ್ಲ? ಹಳೆಯ ಲಾರಿ ಇಟ್ಟುಕೊಂಡ ಅಪ್ಪ ಮಕ್ಕಳೇ ಏಕೆ ಅಗೆಯುತ್ತಿದ್ದಾರೆ?
— ನಿವೃತ್ತ ನೌಕರರು, ಕೆಜಿಎಫ್

ಉತ್ತರ: ಕೆಜಿಎಫ್‌ನಿಂದ ಈ ಪ್ರಶ್ನೆ ಬಂದದ್ದು ಸಹಜವೇ ಸರ್. ಚಿನ್ನದ ಅದಿರಿಗೆ ಕೊರೆದು ನೋಡಿ, ಟನ್ನಿಗೆ ಎಷ್ಟು ಗ್ರಾಂ ಎಂದು ಲೆಕ್ಕ ಹಾಕಿ, ಬ್ಯಾಂಕಿನ ಮುಂದೆ ಕಾಗದ ಇಡಬಹುದು. ಓಪಲ್‌ಗೆ ಆ ಲೆಕ್ಕವೇ ಕೂರುವುದಿಲ್ಲ. ಒಂದು ಸುರಂಗದಲ್ಲಿ ಸಿಕ್ಕಿದ್ದು ಪಕ್ಕದ ಸುರಂಗದಲ್ಲಿ ಇರುವುದಿಲ್ಲ. ಹಾಗಾಗಿ ಒಬ್ಬಿಬ್ಬರ ಗಣಿಗಳೇ ಉಳಿದಿವೆ. ಆಸ್ಟ್ರೇಲಿಯಾದ ಲೈಟ್ನಿಂಗ್ ರಿಡ್ಜ್ ಎಂಬ ಓಪಲ್ ಊರಿನಲ್ಲಿ ಒಬ್ಬನ ಹಕ್ಕಿನ ಜಾಗವೆಂದರೆ 50 ಮೀಟರ್ ಉದ್ದ, 50 ಮೀಟರ್ ಅಗಲ. ನಮ್ಮಲ್ಲಿ ಹೇಳುವುದಾದರೆ ಅರೆ ಎಕರೆಯ ಮೇಲೆ ಸ್ವಲ್ಪ.

ಯಂತ್ರಗಳ ವಿಷಯ ಬಂದಾಗ ನನಗೆ ಆ ಜನರ ಮೇಲೆ ಗೌರವ ಹೆಚ್ಚುತ್ತದೆ. ಲೈಟ್ನಿಂಗ್ ರಿಡ್ಜ್‌ನವರು ಕಾಂಕ್ರೀಟ್ ಕಲಸುವ ಹಳೆಯ ಲಾರಿಯ ಡ್ರಮ್ಮಿನಲ್ಲಿ ಗಣಿಯ ಮಣ್ಣು ತುಂಬಿ, ನೀರು ಬಿಟ್ಟು ದಿನಗಟ್ಟಲೆ ತಿರುಗಿಸುತ್ತಾರೆ. ಜೇಡಿ ಕರಗಿ ಹೋಗಿ ಉಳಿದ ಕಲ್ಲುಗಳನ್ನು ಮೇಜಿನ ಮೇಲೆ ಕೈಯಿಂದಲೇ ಆರಿಸಬೇಕು. ಅಲ್ಲಿನ ಇನ್ನೊಂದು ಓಪಲ್ ಊರು ಕೂಬರ್ ಪೀಡಿಯಲ್ಲಿ ದಪ್ಪ ಕೊಳವೆಯ ಲಾರಿ ನೋಡಿರುತ್ತೀರಿ. ಅದು ನೆಲದಡಿಯ ಮಣ್ಣನ್ನು ಹೀರಿ ಮೇಲೆ ಸುರಿಯುತ್ತದೆ, ಅದಕ್ಕೇ ಆ ಊರಿನ ಸುತ್ತ ಎಲ್ಲಿ ನೋಡಿದರೂ ಬಿಳಿ ಮಣ್ಣಿನ ಗುಡ್ಡೆಗಳು. ಗುಡ್ಡೆಯ ಮಣ್ಣನ್ನು ಮತ್ತೆ ಕತ್ತಲೆಯ ಗೂಡಿನೊಳಗೆ ನೇರಳಾತೀತ ದೀಪದ ಕೆಳಗೆ ಹಾಯಿಸಿ, ಬೆಳಗುವ ಚೂರುಗಳನ್ನು ಹೆಕ್ಕಿಕೊಳ್ಳುವವರೂ ಇದ್ದಾರೆ.

ಕೂಬರ್ ಪೀಡಿ ಅಡಿಲೇಡ್ ನಗರದಿಂದ ಉತ್ತರಕ್ಕೆ ಸುಮಾರು 850 ಕಿಲೋಮೀಟರ್. 1915ರಲ್ಲಿ ಚಿನ್ನ ಹುಡುಕಲು ಬಂದಿದ್ದ ತಂಡದ ಜೊತೆಗಿದ್ದ 14 ವರ್ಷದ ಹುಡುಗ ವಿಲಿ ಹಚಿಸನ್ ಅಲ್ಲಿ ಮೊದಲ ಓಪಲ್ ಕಂಡ. ಬೇಸಗೆಯ ಬಿಸಿಲು 40 ಡಿಗ್ರಿ ದಾಟುವುದರಿಂದ ಎಷ್ಟೋ ಜನ ನೆಲ ಕೊರೆದು ಮಾಡಿದ ಮನೆಗಳಲ್ಲೇ ವಾಸ. ಮುಚ್ಚದೆ ಬಿಟ್ಟ ಗಣಿಗುಂಡಿಗಳು ಎಷ್ಟಿವೆಯೆಂದರೆ, ‘ಹಿಮ್ಮುಖವಾಗಿ ನಡೆಯಬೇಡಿ’ ಎಂದು ಫಲಕ ಹಾಕಿದ್ದಾರೆ. ಫೋಟೋ ತೆಗೆಯಲು ಒಂದು ಹೆಜ್ಜೆ ಹಿಂದೆ ಹೋದವರಿಗಾಗಿ.

ಪ್ರಶ್ನೆ: ಒಂದೇ ಕಲ್ಲಿನಲ್ಲಿ ಅಷ್ಟು ಬಣ್ಣ ಹೇಗೆ? ಬಣ್ಣ ಹಾಕುತ್ತಾರೆಯೇ?
— ಎಂಟನೆಯ ತರಗತಿ, ಕುಂದಾಪುರ

ಉತ್ತರ: ಒಳ್ಳೆಯ ಓಪಲ್‌ಗೆ ಬಣ್ಣ ಹಾಕಬೇಕಿಲ್ಲ ಮಗು. ಮರಳಿನಲ್ಲಿರುವ ಸಿಲಿಕಾ, ಜೊತೆಗೆ ಸ್ವಲ್ಪ ನೀರು, ಓಪಲ್ ಎಂದರೆ ಇಷ್ಟೇ. ಆ ಸಿಲಿಕಾ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳಾಗಿ, ಅಂಗಡಿಯಲ್ಲಿ ಜೋಡಿಸಿಟ್ಟ ಲಡ್ಡುಗಳ ಹಾಗೆ ಸಾಲುಸಾಲಾಗಿ ಕೂತಿರುತ್ತದೆ. ಬೆಳಕು ಆ ಸಾಲುಗಳ ನಡುವೆ ಹಾಯುವಾಗ ಬಣ್ಣಗಳಾಗಿ ಒಡೆಯುತ್ತದೆ. ಗುಂಡು ಸಣ್ಣದಿದ್ದರೆ ನೀಲಿ ಮಾತ್ರ, ದೊಡ್ಡದಿದ್ದರೆ ಕೆಂಪೂ ಬರುತ್ತದೆ. ದೊಡ್ಡ ಗುಂಡುಗಳು ಶಿಸ್ತಾಗಿ ಕೂರುವುದು ಅಪರೂಪ, ಆದ್ದರಿಂದ ಕೆಂಪಿಗೆ ಬೆಲೆ. ಇದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 1960ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದರು. ಗುಂಡುಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಅದೇ ಪಾಚ್.

ಪ್ರಶ್ನೆ: ಕಾರ್ಯಕ್ರಮ ನೋಡಿ ನನಗೂ ಹುಚ್ಚು ಹಿಡಿದಿದೆ. ಮೊದಲ ಮಳೆಗೆ ಸ್ನೇಹಿತರೊಂದಿಗೆ ಜೊನ್ನಗಿರಿ ಕಡೆ ವಜ್ರ ಹುಡುಕಲು ಹೊರಡುವವನಿದ್ದೇನೆ. ಆಶೀರ್ವದಿಸಿ.
— ಯುವಕ, ಬಳ್ಳಾರಿ

ಉತ್ತರ: ಆಶೀರ್ವಾದವೇನೋ ಇದೆ, ಕೇಳಿಸಿಕೊಳ್ಳಪ್ಪ. ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ ಸುತ್ತಿನ ಕೆಂಪು ಹೊಲಗಳಲ್ಲಿ ಮಳೆ ಬಿದ್ದ ಮೇಲೆ ವಜ್ರ ಸಿಕ್ಕಿರುವುದು ಸುಳ್ಳಲ್ಲ. ಆಚೆ ವಜ್ರಕರೂರಿನಲ್ಲಿ ವಜ್ರ ಹೊತ್ತು ತರುವ ಕಿಂಬರ್ಲೈಟ್ ಕಲ್ಲು ಇರುವುದೂ ನಿಜ. ಆದರೆ ಆ ಹೊಲಗಳಿಗೆ ಒಡೆಯರಿದ್ದಾರೆ, ಅದು ಬಿತ್ತನೆಯ ಕಾಲ. ನಿಮ್ಮಂಥವರ ಗುಂಪು ತುಳಿದು ಹೋದ ಮೇಲೆ ಮೊಳಕೆ ಏಳುವುದಿಲ್ಲ ಎಂದು ರೈತರು ಸಿಟ್ಟಾಗುವುದರಲ್ಲಿ ತಪ್ಪೇನಿದೆ? ಸಿಕ್ಕ ಕಲ್ಲನ್ನು ಸಂಜೆಯೇ ಕದ್ದುಮುಚ್ಚಿ ಮಾರುವಲ್ಲಿ ಬೆಲೆ ಹೇಳುವವನೂ ಕೊಳ್ಳುವವನೂ ಒಬ್ಬನೇ. ಟೀವಿಯ ವ್ಯಾಪಾರಿಯ ಮುಂದೆ ಕ್ಯಾಮೆರಾ ಆದರೂ ಇರುತ್ತದೆ.

ಅಗೆದೇ ತೀರಬೇಕೆಂದಿದ್ದರೆ ಮಧ್ಯಪ್ರದೇಶದ ಪನ್ನಾಕ್ಕೆ ಹೋಗು. ಅಲ್ಲಿ 8 ಮೀಟರ್ ಉದ್ದ, 8 ಮೀಟರ್ ಅಗಲದ ತುಂಡು ನೆಲವನ್ನು ಸರ್ಕಾರವೇ ಅಲ್ಪ ಶುಲ್ಕಕ್ಕೆ ಗುತ್ತಿಗೆ ಕೊಡುತ್ತದೆ. ಸಿಕ್ಕ ವಜ್ರವನ್ನು ವಜ್ರ ಕಚೇರಿಗೆ ಒಪ್ಪಿಸಬೇಕು. ಅವರು ಹರಾಜು ಹಾಕಿ, ರಾಜಧನ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಕೂಲಿಕಾರರೊಬ್ಬರಿಗೆ 2024ರಲ್ಲಿ ಅಲ್ಲಿ 19.22 ಕ್ಯಾರೆಟ್‌ನ ವಜ್ರ ಸಿಕ್ಕಿತ್ತು. ಸಿಗದವರ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ, ಅವರು ಮರುವರ್ಷವೂ ಅಗೆಯುತ್ತಿರುತ್ತಾರೆ.

ಪ್ರಶ್ನೆ: ಜ್ಯೋತಿಷಿಗಳು ಶುಕ್ರನಿಗೆ ವಜ್ರದ ಬದಲು ಓಪಲ್ ಸಾಕು ಎಂದರು. ಅಂಗಡಿಯಲ್ಲಿ ತೋರಿಸಿದ್ದು ಟೀವಿಯ ಕಪ್ಪು ಓಪಲ್‌ನಂತೆಯೇ ಇತ್ತು, ಬೆಲೆ ಮಾತ್ರ ತೀರಾ ಕಡಿಮೆ. ಕೊಳ್ಳಲೇ?
— ಶಿಕ್ಷಕಿ, ತುಮಕೂರು

ಉತ್ತರ: ಶುಕ್ರನ ವಿಷಯ ಜ್ಯೋತಿಷಿಗಳಿಗೇ ಬಿಡುತ್ತೇನೆ. ಕಲ್ಲನ್ನು ಉಂಗುರಕ್ಕೆ ಕೂರಿಸುವ ಮುನ್ನ ಪಕ್ಕದಿಂದ ನೋಡಿ. ನೇರವಾದ ಗೆರೆ ಕಂಡರೆ ಅದು ಅಂಟಿಸಿದ ಕಲ್ಲು. ತೆಳುವಾದ ಓಪಲ್ ಹಾಳೆಗೆ ಕೆಳಗೆ ಕಪ್ಪು ತಳ ಅಂಟಿಸಿದ್ದರೆ ಡಬ್ಲೆಟ್, ಮೇಲೊಂದು ಗಾಜಿನಂಥ ಗುಮ್ಮಟವನ್ನೂ ಕೂರಿಸಿದ್ದರೆ ಟ್ರಿಪ್ಲೆಟ್. ಟ್ರಿಪ್ಲೆಟ್ ಹಾಕಿಕೊಂಡು ಪಾತ್ರೆ ತೊಳೆದರೆ ಅಂಟಿನೊಳಗೆ ನೀರು ಹೋಗಿ ಮಂಜು ಕಟ್ಟಿದಂತಾಗುತ್ತದೆ. ಅಂಟಿಸಿದ್ದಲ್ಲದಿದ್ದರೂ ಇಥಿಯೋಪಿಯಾದ ಓಪಲ್ ಇರಬಹುದು, ಅದು ಜೈಪುರದಲ್ಲಿ ಸಾಣೆಯಾಗಿ ಇಲ್ಲಿಗೆ ಬರುತ್ತದೆ. ಚೆಂದದ ಕಲ್ಲು, ಬೆಲೆಯೂ ಕೈಗೆಟಕುವಂಥದು, ಆದರೆ ಅದರಲ್ಲಿ ಬಹಳಷ್ಟು ಕಲ್ಲುಗಳು ನೀರು ಕುಡಿಯುತ್ತವೆ. ನೆನೆದಾಗ ಬಣ್ಣ ಮಾಯವಾಗಿ, ಒಣಗಿದ ಮೇಲೆ ಸಾಮಾನ್ಯವಾಗಿ ಮರಳುತ್ತದೆ. ಎಣ್ಣೆ, ಅರಿಶಿನ ಕುಡಿದರೆ ಹೋಗುವುದು ಕಷ್ಟ. ಹೊಗೆ ಹಾಯಿಸಿ ಕಪ್ಪು ಮಾಡಿ ಮಾರುವುದೂ ಉಂಟು.

ಪೂಜೆಯ ದಿನ ಹಾಲಿನಲ್ಲಿ ಅದ್ದಿಡಲು ಯಾರಾದರೂ ಹೇಳಿದರೆ ಒಪ್ಪಬೇಡಿ, ಉಂಗುರವನ್ನು ದೇವರ ಮುಂದೆ ಇಟ್ಟರೆ ಸಾಕು. ಕೊಳ್ಳುವುದಾದರೆ ಡಬ್ಲೆಟ್ಟೋ, ಟ್ರಿಪ್ಲೆಟ್ಟೋ, ಇಡೀ ಕಲ್ಲೋ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಪಕ್ಕದ ಅಂಗಡಿಗೆ ಹೋಗಿ.